ಭುಜಕೀರ್ತಿಯ ಹೊಲಿಗೆ: ಹಾಸನ ಸೀಮೆಯಲ್ಲಿ ಮೂರು ದಿನ

ಮೊದಲ ದಿನ: ಹೊಳೆನರಸೀಪುರದ ದಾರಿ

ನನ್ನ ತಂದೆ ಮೈಸೂರಿನಲ್ಲಿ ದರ್ಜಿಯಾಗಿದ್ದರು. ಶಾಲೆಯ ಸಮವಸ್ತ್ರ, ಮದುವೆಯ ರವಿಕೆಗಳ ನಡುವೆ ವರ್ಷದಲ್ಲಿ ಒಂದೆರಡು ಬಾರಿ ಯಾವುದಾದರೊಂದು ನಾಟಕ ಮಂಡಳಿಯವರು ಹರಿದ ಮಕಮಲ್ಲಿನ ಅಂಗಿಗಳ ಗಂಟನ್ನು ತಂದು ಅಂಗಡಿಯ ಮೂಲೆಯಲ್ಲಿ ಇಳಿಸಿ ಹೋಗುತ್ತಿದ್ದರು. ಆ ಗಂಟನ್ನು ಬಿಚ್ಚಿದಾಗ ಹೊಮ್ಮುತ್ತಿದ್ದ ಬೆವರು, ನುಸಿಗುಳಿಗೆ, ಕೊಬ್ಬರಿ ಎಣ್ಣೆಗಳ ವಾಸನೆ ನನಗೆ ಇಂದಿಗೂ ನೆನಪಿದೆ. ಅಪ್ಪ ಹೊಲಿಗೆ ಹಾಕುತ್ತಿದ್ದರು, ನಾನು ಉದುರಿದ ಮಿಂಚುಗಳನ್ನು ಹೆಕ್ಕಿ ಬಟ್ಟಲಿಗೆ ಹಾಕುತ್ತಿದ್ದೆ. ಆದರೆ ಆ ಅಂಗಿಗಳನ್ನು ತೊಟ್ಟವರನ್ನು ರಂಗದ ಮೇಲೆ ನೋಡುವ ಅವಕಾಶ ನನಗೆ ಒಮ್ಮೆಯೂ ಒದಗಿರಲಿಲ್ಲ. ಹೀಗಿರುವಾಗ ನನ್ನ ಜೊತೆ ಕೆಲಸ ಮಾಡುವ ಗೆಳತಿ, "ಶಿವರಾತ್ರಿ ಕಳೆದ ಮೇಲೆ ನಮ್ಮೂರಲ್ಲಿ ಕುರುಕ್ಷೇತ್ರ ಆಡ್ತಾರೆ, ಈ ಸಲ ದುರ್ಯೋಧನನ ಪಾರ್ಟು ನಮ್ಮಣ್ಣಂದೇ, ಬನ್ನಿ" ಎಂದು ಕರೆದಾಗ ನಾನು ಎರಡು ದಿನ ರಜೆ ಹಾಕಿ, ಅದಕ್ಕೆ ಭಾನುವಾರವನ್ನು ಸೇರಿಸಿಕೊಂಡು, ತಮ್ಮನ ಕಾರಿನಲ್ಲಿ ಹೊರಟೆ. ಆಕೆಯ ಊರು ಹಳೇಬೀಡಿನಿಂದ ಜಾವಗಲ್ಲಿಗೆ ಹೋಗುವ ರಸ್ತೆಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ, ತೆಂಗಿನ ತೋಟಗಳ ನಡುವಿನ ಒಂದು ಚಿಕ್ಕ ಹಳ್ಳಿ.

ಮೈಸೂರಿನಿಂದ ಹಾಸನಕ್ಕೆ ಕೃಷ್ಣರಾಜನಗರ, ಹೊಳೆನರಸೀಪುರಗಳ ಮೇಲೆ ಹೋಗುವ ರಸ್ತೆ ನನಗೆ ಪ್ರಿಯವಾದದ್ದು. ರೈಲಿನಲ್ಲಿ ಹೋಗುವವರಿಗೂ ಇದೇ ದಿಕ್ಕಿನಲ್ಲಿ ಹಾಸನ ದಾಟಿ ಅರಸೀಕೆರೆಯವರೆಗೆ ಮಾರ್ಗವಿದೆ. ಕೃಷ್ಣರಾಜನಗರದ ಗದ್ದೆಗಳು ಮುಗಿದು ನೆಲ ನಿಧಾನವಾಗಿ ಏರುಪೇರಾಗತೊಡಗಿದಾಗ, ಹೊಳೆನರಸೀಪುರ ಇನ್ನೂ ಕೆಲವು ಮೈಲಿ ಇರುವಂತೆಯೇ, ಹಿಂದಿನ ಚಕ್ರ ಗಾಳಿ ಕಳೆದುಕೊಂಡಿತು. ಪಂಕ್ಚರ್ ಅಂಗಡಿಯ ಹಿರಿಯರು ಚಕ್ರವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಲೇ ನಾವು ಎಲ್ಲಿಗೆ ಹೊರಟಿದ್ದೇವೆಂದು ವಿಚಾರಿಸಿದರು. ಕುರುಕ್ಷೇತ್ರ ನೋಡಲೆಂದು ತಿಳಿದೊಡನೆ ಅವರು ಕೇಳಿದ ಮೊದಲ ಪ್ರಶ್ನೆ, "ಮೇಷ್ಟ್ರು ಯಾರು?" ಎಂಬುದು. ದುರ್ಯೋಧನ ಯಾರು, ಕೃಷ್ಣ ಯಾರು ಎಂದು ಅವರು ಕೇಳಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ಯಾರೆಂದು ತಿಳಿದರೆ ನಾಟಕ ಹೇಗಿರುತ್ತದೆಂದು ತಿಳಿದಂತೆಯೇ ಎಂಬುದು ಈ ಸೀಮೆಯವರ ಲೆಕ್ಕ. ತಿಂಗಳುಗಟ್ಟಲೆ ರಾತ್ರಿಯ ಹೊತ್ತು, ಹೊಲದ ಕೆಲಸ ಮುಗಿಸಿ ಬಂದವರನ್ನು ಕೂರಿಸಿಕೊಂಡು, ಅಕ್ಷರ ಬಾರದವರಿಗೆ ಕಿವಿಯಿಂದಲೇ ಕಂದಪದ್ಯ ಕಲಿಸಿ, ಮಟ್ಟು ತಪ್ಪದಂತೆ ಹಾಡಿಸುವವರು ಅವರೇ. ಮರುದಿನ ಹಳ್ಳಿಯಲ್ಲಿಯೂ ಅಪರಿಚಿತರು ಒಬ್ಬರನ್ನೊಬ್ಬರು ಇದೇ ಪ್ರಶ್ನೆ ಕೇಳುವುದನ್ನು ನಾನು ಮತ್ತೆ ಮತ್ತೆ ಕೇಳಿಸಿಕೊಂಡೆ.

ಹೇಮಾವತಿಯನ್ನು ದಾಟಿ ಹಾಸನ ತಲುಪಿದಾಗ ಸಂಜೆಯಾಗಿತ್ತು. ಪೇಟೆಯ ಗೋಡೆಗಳ ಮೇಲೆ, ಕಂಬಗಳ ಮೇಲೆ ಪೌರಾಣಿಕ ನಾಟಕಗಳ ಫ್ಲೆಕ್ಸುಗಳು ಸಾಲಾಗಿದ್ದವು. ಹಾಸನಾಂಬ ಕಲಾಕ್ಷೇತ್ರದಲ್ಲಿ ನಡೆಯುವ ನಾಟಕಗಳವೂ ಇದ್ದವು, ಸುತ್ತಲಿನ ಹಳ್ಳಿಗಳವೂ ಇದ್ದವು. ಒಂದೊಂದರಲ್ಲಿಯೂ ಇಪ್ಪತ್ತು ಮೂವತ್ತು ಮುಖಗಳು, ಪ್ರತಿ ಮುಖದ ಕೆಳಗೆ ಪಾತ್ರದ ಹೆಸರು. ಬಿಳಿ ಅಂಗಿ ತೊಟ್ಟು ಪಾಸ್‌ಪೋರ್ಟ್ ಫೋಟೋಗೆ ಕುಳಿತ ಗಂಭೀರ ಮುಖದ ಕೆಳಗೆ 'ದುಶ್ಯಾಸನ' ಎಂದು ಬರೆದಿರುವುದನ್ನು ನೋಡುತ್ತಾ ನಾನು ಬಹಳ ಹೊತ್ತು ನಿಂತಿದ್ದೆ.

ಗೆಳತಿಯ ಅಣ್ಣ ಮೊದಲೇ ಹೇಳಿಟ್ಟಿದ್ದರಿಂದ, ಅವರ ನಾಟಕಕ್ಕೆ ವೇಷಭೂಷಣ ಕಳುಹಿಸುವ ಅಂಗಡಿಯನ್ನು ಅಂದೇ ನೋಡುವುದು ಸಾಧ್ಯವಾಯಿತು. ಓಣಿಯೊಂದರಲ್ಲಿನ ಉದ್ದನೆಯ ಕತ್ತಲೆಯ ಕೋಣೆ. ಎರಡೂ ಬದಿಗೆ ತಗಡಿನ ಟ್ರಂಕುಗಳು, ಮೇಲೆ ಹಗ್ಗದಲ್ಲಿ ಸಾಲಾಗಿ ತೂಗುವ ಗದೆಗಳು, ಮೂಲೆಯಲ್ಲಿ ಸುರುಳಿ ಸುತ್ತಿ ನಿಲ್ಲಿಸಿದ ಅರಮನೆ, ಕಾಡು, ಬೀದಿಗಳ ಪರದೆಗಳು. ಅಂಗಡಿಯ ಯಜಮಾನರು ಐವತ್ತರ ಆಚೆಯವರು. ನಾನು ದರ್ಜಿಯ ಮಗಳೆಂದು ತಿಳಿದ ಮೇಲೆ ಅವರು ಮಾತಿನ ಧಾಟಿಯನ್ನೇ ಬದಲಿಸಿ, ಅಂಗಿಗಳನ್ನು ಒಳಮೈ ಹೊರಕ್ಕೆ ತಿರುಗಿಸಿ ತೋರಿಸತೊಡಗಿದರು. ಹೊರಗೆ ಕಡುಗೆಂಪು ಮಕಮಲ್ಲು, ಒಳಗೆ ಕೋರಾ ಬಟ್ಟೆಯ ಅಸ್ತರಿ. ಬೆನ್ನಿಗೆ ಗುಂಡಿಯಾಗಲಿ ಹುಕ್ಕಾಗಲಿ ಇಲ್ಲ, ಆರು ಜೊತೆ ಲಾಡಿಗಳಿವೆ. ಇವತ್ತು ತೆಳ್ಳನೆಯ ದುರ್ಯೋಧನ, ನಾಳೆ ದಪ್ಪನೆಯವನು, ಅಂಗಿ ಇಬ್ಬರಿಗೂ ಒಂದೇ. ಲಾಡಿಯನ್ನು ಬಿಗಿದರೆ ಒಬ್ಬನಿಗಾಯಿತು, ಸಡಿಲಿಸಿದರೆ ಇನ್ನೊಬ್ಬನಿಗಾಯಿತು. ಕಿರೀಟಗಳು ರಟ್ಟಿನವು; ಅವುಗಳ ಮೇಲೆ ಚಿನ್ನದ ಬಣ್ಣದ ಕಾಗದ, ಗಾಜಿನ ಹರಳು, ಪ್ಲಾಸ್ಟಿಕ್ ಮುತ್ತುಗಳ ಸಾಲು. ಹತ್ತಿರದಿಂದ ನೋಡಿದರೆ ಅಂಟು ಕಾಣುತ್ತದೆ, ಹರಳುಗಳು ಒಂದೇ ಅಳತೆಯಲ್ಲಿಲ್ಲ, ಹೊಲಿಗೆಯೂ ದೊಡ್ಡ ದೊಡ್ಡದು.

ನನ್ನ ಕಣ್ಣು ಆ ಹೊಲಿಗೆಯ ಮೇಲೆಯೇ ನಿಂತದ್ದನ್ನು ಅವರು ಗಮನಿಸಿರಬೇಕು. "ಅಕ್ಕ, ಇದನ್ನ ಇಲ್ಲಿ ನೋಡ್ಬಾರದು. ಬನ್ನಿ ಈ ಕಡೆ" ಎಂದು ನನ್ನನ್ನು ಬಾಗಿಲ ಹೊರಗೆ, ಓಣಿಯ ಎದುರು ಗೋಡೆಯವರೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಬಳಿಕ ಒಳಗೆ ಹೋಗಿ ಒಂದೇ ಒಂದು ಬಲ್ಬು ಹಾಕಿ, ಆ ಕೆಂಪು ಅಂಗಿಯನ್ನೂ ಹೆಗಲಿಗೆ ಕಟ್ಟುವ ಭುಜಕೀರ್ತಿಯನ್ನೂ ಎತ್ತಿ ಹಿಡಿದರು. ಮಕಮಲ್ಲು ಬೆಳಕನ್ನು ನುಂಗಿ ಕಪ್ಪಿನಷ್ಟು ಆಳವಾಯಿತು, ಅದರ ಮೇಲಿನ ಜರಿ ಮಾತ್ರ ಎದ್ದು ಉರಿಯಿತು. ಒಂದೇ ಅಳತೆಯಲ್ಲಿಲ್ಲದ ಹರಳುಗಳು ಒಂದೊಂದು ಕಡೆಯಿಂದ ಒಂದೊಂದು ರೀತಿ ಮಿನುಗಿದವು. ಸಣ್ಣ ಹೊಲಿಗೆಯ ನಾಜೂಕು ಅಷ್ಟು ದೂರಕ್ಕೆ ಕಾಣುವುದೇ ಇಲ್ಲ, ದಪ್ಪ ಹೊಲಿಗೆಯ ಗೆರೆ ಕಾಣುತ್ತದೆ. ಅಪ್ಪ ಆ ಗಂಟಿನ ಅಂಗಿಗಳಿಗೆ ಏಕೆ ಬೇರೆಯೇ ದಾರ, ಬೇರೆಯೇ ಸೂಜಿ ತೆಗೆಯುತ್ತಿದ್ದರೆಂದು ನನಗೆ ಅಂದು, ಅಷ್ಟು ವರ್ಷಗಳ ನಂತರ, ಆ ಓಣಿಯ ಗೋಡೆಗೆ ಒರಗಿ ನಿಂತಾಗ ಅರ್ಥವಾಯಿತು.

ಎರಡನೆಯ ದಿನ: ಕಲ್ಲಿನ ಒಡವೆಗಳು

ನಾಟಕ ರಾತ್ರಿಯಿದ್ದುದರಿಂದ ಹಗಲನ್ನು ಬೇಲೂರು, ಹಳೇಬೀಡುಗಳಿಗೆಂದು ಇಟ್ಟುಕೊಂಡಿದ್ದೆವು. ಬೆಳಿಗ್ಗೆ ಹಾಸನದಲ್ಲಿ ಕಾಯಿಚಟ್ನಿಯೊಂದಿಗೆ ಬಿಸಿ ಅಕ್ಕಿರೊಟ್ಟಿ ತಿಂದು, ಬಿಸಿಲೇರುವ ಮುನ್ನವೇ ಬೇಲೂರಿನ ಗೋಪುರದ ಮುಂದಿದ್ದೆವು. ಮಾರ್ಚ್ ತಿಂಗಳಲ್ಲಿ ಹೋಗುವವರು ಹೀಗೆ ಬೇಗ ಹೋಗುವುದು ಒಳ್ಳೆಯದು. ಹನ್ನೊಂದು ಗಂಟೆಯ ಮೇಲೆ ಅಂಗಳದ ಕಲ್ಲುಚಪ್ಪಡಿಗಳು ಬರಿಗಾಲನ್ನು ಸುಡುತ್ತವೆ, ಕಾಲುಚೀಲ ತರದಿದ್ದರೆ ಚಿತ್ರಪಟ್ಟಿಕೆಗಳ ಮುಂದೆ ನಿಲ್ಲುವುದಕ್ಕಿಂತ ನೆರಳಿನಿಂದ ನೆರಳಿಗೆ ಓಡುವುದೇ ಆಗುತ್ತದೆ.

1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯನ್ನು ನಾನು ಹಿಂದೆಯೂ ನೋಡಿದ್ದೆ. ಈ ಬಾರಿ ವೇಷಭೂಷಣದ ಅಂಗಡಿಯಿಂದ ನೇರವಾಗಿ ಬಂದವಳಂತೆ ನೋಡಿದೆ. ಮದನಿಕೆಯರ ಸೊಂಟದ ಡಾಬಿನಿಂದ ಇಳಿಬಿಟ್ಟ ಕುಚ್ಚುಗಳು, ತೋಳುಬಂದಿ, ಕಿವಿಯ ಓಲೆ, ತಲೆಯ ಮೇಲಿನ ಒಡವೆ, ಇವುಗಳಲ್ಲಿ ಯಾವುದನ್ನು ನೋಡಿದರೂ ಅದು ದೇಹಕ್ಕೆ ಎಲ್ಲಿ ಕಟ್ಟಿಕೊಂಡಿದೆ, ಯಾವ ಕಡೆಗೆ ಭಾರ ಹಾಕುತ್ತದೆ ಎಂಬುದು ಕಲ್ಲಿನಲ್ಲಿಯೂ ಸ್ಪಷ್ಟವಾಗಿದೆ. ಕನ್ನಡಿ ಹಿಡಿದ ದರ್ಪಣಸುಂದರಿ ಅಲಂಕಾರ ಮುಗಿಸಿ ಕೊನೆಯ ಬಾರಿ ತನ್ನನ್ನು ನೋಡಿಕೊಳ್ಳುತ್ತಿದ್ದಾಳೆ. ರಂಗಕ್ಕೆ ಹೋಗುವ ಮುಂಚಿನ ಗಳಿಗೆಯೂ ಹೀಗೆಯೇ ಇರುತ್ತದೆಂದು ಆಗ ಅನ್ನಿಸಿತು, ರಾತ್ರಿ ಕಣ್ಣಾರೆ ಕಂಡೆ. ಮದನಿಕೆಯರ ಪೀಠಗಳ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನು ಕಡೆದಿಟ್ಟಿದ್ದಾರೆ. ಹಾಸನದ ಓಣಿಯಲ್ಲಿ ನೋಡಿದ ಆ ಭುಜಕೀರ್ತಿಯನ್ನು ಕಟ್ಟಿದವರ ಹೆಸರು ಎಲ್ಲಿಯೂ ಇಲ್ಲ. ಯಜಮಾನರನ್ನು ಕೇಳಿದಾಗ, ತಮ್ಮ ತಂದೆಯ ಕಾಲದ್ದೆಂದಷ್ಟೇ ಹೇಳಿದ್ದರು.

ಬೇಲೂರಿನಿಂದ ಹಳೇಬೀಡಿಗೆ ಹದಿನಾರು ಕಿಲೋಮೀಟರ್. ಈ ಹಾದಿಯಲ್ಲಿ ಮಲೆನಾಡಿನ ಹಸಿರು ಕಣ್ಣೆದುರೇ ತೆಳುವಾಗುತ್ತಾ ಬಯಲುಸೀಮೆ ತೆರೆದುಕೊಳ್ಳುತ್ತದೆ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ಸುತ್ತ ಮಹಾಭಾರತದ ಪಟ್ಟಿಕೆಯನ್ನು ಹುಡುಕಿಕೊಂಡು ನಡೆದೆ. ಅಭಿಮನ್ಯು ಚಕ್ರವ್ಯೂಹವನ್ನು ಹೊಗುವ ಶಿಲ್ಪದ ಮುಂದೆ ಶಾಲಾ ಮಕ್ಕಳ ಒಂದು ಗುಂಪು ನಿಂತಿತ್ತು. ಅವರ ಮೇಷ್ಟ್ರು ಸುರುಳಿ ಸುರುಳಿಯಾದ ವ್ಯೂಹದೊಳಗೆ ಬೆರಳಾಡಿಸುತ್ತಾ, "ಒಳಗೆ ಹೋಗೋ ದಾರಿ ಯಾರ್ ತೋರಿಸ್ತೀರಾ?" ಎಂದು ಕೇಳಿದರು, ಹತ್ತು ಕೈಗಳು ಮೇಲೆದ್ದವು. "ಹೊರಗೆ ಬರೋ ದಾರಿ?" ಎಂದಾಗ ಯಾರೂ ಕೈ ಎತ್ತಲಿಲ್ಲ. ಬಾಗಿಲ ಬಳಿಯ ದ್ವಾರಪಾಲಕರು, ಮುರಿದ ಕೈಗಳಿದ್ದರೂ, ತಲೆಯಿಂದ ಕಾಲಿನವರೆಗೆ ಒಡವೆಯಿಂದ ತುಂಬಿದ್ದಾರೆ. ಅವರ ಕಿರೀಟದ ಆಕಾರ, ಎದೆಯ ಹಾರದ ಪದರ, ಸೊಂಟದ ಪಟ್ಟಿ ಇವನ್ನೆಲ್ಲ ನಮ್ಮ ನಾಟಕದ ರಾಜರು ರಟ್ಟು, ಬೇಗಡೆ, ಹರಳುಗಳಲ್ಲಿ ತೊಟ್ಟು ಬರುತ್ತಾರೆ ಎಂಬುದು ನನಗೆ ಆ ಬಿಸಿಲಿನಲ್ಲಿ ನಿಂತು ಖಚಿತವಾಯಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಬರುವವರ ಸಂಖ್ಯೆ ಹೆಚ್ಚಿದೆ, ಬಂದವರಲ್ಲಿ ಬಹುಪಾಲು ಜನ ಇಲ್ಲಿಂದ ಹಾಸನಕ್ಕೋ ಚಿಕ್ಕಮಗಳೂರಿಗೋ ಹಿಂದಿರುಗುತ್ತಾರೆ. ನಾವು ಜಾವಗಲ್ಲಿನ ಕಡೆಗೆ ತಿರುಗಿದೆವು.

ಹಳ್ಳಿ ಸೇರಿದಾಗ ಮೂರು ಗಂಟೆ. ಗೆಳತಿಯ ಮನೆಯಲ್ಲಿ ರಾಗಿಮುದ್ದೆ, ಹುರುಳಿಕಾಳಿನ ಸಾರು ಕಾದಿದ್ದವು. ದುರ್ಯೋಧನನ ಪಾತ್ರದ ಅಣ್ಣ ಮಾತ್ರ ಊಟಕ್ಕೆ ಕೂರಲಿಲ್ಲ. ಹಿಂದಿನ ರಾತ್ರಿಯಿಂದ ಅವರು ಗಂಟಲಿಗೆ ಬಿಸಿನೀರು, ಬಾಳೆಹಣ್ಣು ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ. ತೋಟಕ್ಕೆ ನೀರು ಬಿಟ್ಟು ಬಂದವರು ಕಾಲು ತೊಳೆದು, ಹಿತ್ತಿಲಿನ ಹುಣಸೆಮರದ ಕೆಳಗೆ ಒಬ್ಬರೇ ನಿಂತು ಮೆಲ್ಲಗೆ ಪದ್ಯವೊಂದನ್ನು ಗುನುಗಿಕೊಳ್ಳುತ್ತಿದ್ದರು.

ಅವರ ಅಜ್ಜಿ ಎಂಬತ್ತು ದಾಟಿದವರು. ನಾನು ವೇಷಗಳ ವಿಷಯ ಕೇಳುತ್ತಿದ್ದುದನ್ನು ಆಲಿಸಿದ ಅವರು ಮೊಮ್ಮಗನನ್ನು ಅಟ್ಟಕ್ಕೆ ಹತ್ತಿಸಿ ಒಂದು ಹಳೆಯ ಬಿದಿರಿನ ಪೆಟ್ಟಿಗೆಯನ್ನು ಇಳಿಸಿದರು. ಒಳಗೆ ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಒಂದು ಕಿರೀಟ. ರಟ್ಟಿನದಲ್ಲ, ಹಗುರವಾದ ಮರದ್ದು. ಬೇಗಡೆ ಅಲ್ಲಲ್ಲಿ ಕಿತ್ತು ಕಂದು ಮರ ಕಾಣುತ್ತಿತ್ತು, ನಡುವೆ ಉಗುರಿನಷ್ಟು ಅಗಲದ ಕನ್ನಡಿಚೂರುಗಳು ಇನ್ನೂ ಉಳಿದಿದ್ದವು. ಅದು ಅವರ ಯಜಮಾನರು ಮೂಡಲಪಾಯದ ಆಟದಲ್ಲಿ ತೊಡುತ್ತಿದ್ದದ್ದು.

ಘಟ್ಟದಾಚೆಯ ಪಡುವಲಪಾಯದ ಯಕ್ಷಗಾನವನ್ನು ನಾಡೆಲ್ಲ ಬಲ್ಲದು. ಘಟ್ಟದ ಮೂಡಣ ದಿಕ್ಕಿನ ಈ ಬಯಲಿನ ಯಕ್ಷಗಾನಕ್ಕೆ, ಅಟ್ಟ ಕಟ್ಟಿ ಆಡುವ ಈ ಬಯಲಾಟಕ್ಕೆ, ಹೆಸರು ತಂದುಕೊಡಲು ಜೀ.ಶಂ. ಪರಮಶಿವಯ್ಯನವರಂತಹ ಜಾನಪದ ವಿದ್ವಾಂಸರು ಊರೂರು ತಿರುಗಬೇಕಾಯಿತು. ಭಾಗವತರ ಹಾಡಿಗೆ ಮದ್ದಳೆ, ತಾಳಗಳ ಜೊತೆ ಮುಖವೀಣೆ ನುಡಿಯುವುದು ಇದರ ಗುರುತು. "ಪಂಜಿನ ಬೆಳಕು ಕಣವ್ವಾ ಆಗ. ತೆರೆ ಹಿಡಿಯೋರು, ಅದರ ಹಿಂದೆ ಇವರು ಕುಣೀತಾ ಬರೋರು. ಕನ್ನಡಿಗೆ ಪಂಜು ಹೊಡೆದ್ರೆ ನಮ್ಮ ಮಕದ ಮೇಲೆಲ್ಲಾ ಬೆಳಕು ಓಡಾಡೋದು. ನನ್ನ ಕೂಸು ಹೆದರಿ ಅಳೋದು, ಅಪ್ಪ ಅಂತ ಗೊತ್ತೇ ಆಗ್ತಿರಲಿಲ್ಲ" ಎಂದು ಅಜ್ಜಿ ಹೇಳಿದರು. ಕರಿಭಂಟನ ಕಾಳಗ ಇವರ ಮೇಳದ ಹೆಸರುವಾಸಿ ಪ್ರಸಂಗವಾಗಿತ್ತಂತೆ. ಬಳಿಕ ಸೀನರಿಯ ನಾಟಕ ಬಂದಿತು, ಹಾರ್ಮೋನಿಯಂ ಬಂದಿತು, ಹುಡುಗರು ಅತ್ತ ಒಲಿದರು. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯಂತಹ ಮಂಡಳಿಗಳು ಪರದೆ, ಮಕಮಲ್ಲು, ರಂಗಗೀತೆಗಳ ರುಚಿಯನ್ನು ಹಳೆಯ ಮೈಸೂರಿನ ಉದ್ದಗಲಕ್ಕೂ ಹತ್ತಿಸಿದ್ದವು. ಆ ಕಂಪನಿಯ ಕುರುಕ್ಷೇತ್ರದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬರುತ್ತಿದ್ದುದನ್ನು ಈ ಕಡೆಯ ಹಿರಿಯರು ತಾವು ನೋಡದಿದ್ದರೂ ನೋಡಿದವರಂತೆ ವರ್ಣಿಸುತ್ತಾರೆ. ಅಜ್ಜಿ ಮಾತ್ರ ಯಾವುದನ್ನೂ ಹೆಚ್ಚು ಕಡಿಮೆ ಎನ್ನಲಿಲ್ಲ. ಕಿರೀಟವನ್ನು ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು, ಮತ್ತೆ ಪಂಚೆಯಲ್ಲಿ ಸುತ್ತಿದರು. ನನ್ನ ಕೈಗೆ ಕೊಡುವಾಗ ಎರಡೂ ಕೈ ಒಡ್ಡುವಂತೆ ಹೇಳಿದ್ದರು, ಅದು ನನಗೆ ಸರಿಯಾಗಿಯೇ ಕಂಡಿತು.

ಅದೇ ರಾತ್ರಿ: ಬಣ್ಣದ ಕೋಣೆಯಿಂದ ರಂಗಕ್ಕೆ

ಊರ ಮುಂದಿನ ಬಯಲಿನಲ್ಲಿ ರಂಗ ಸಜ್ಜಾಗಿತ್ತು. ಪಕ್ಕದ ಸರ್ಕಾರಿ ಶಾಲೆಯ ಕೊಠಡಿಯೇ ಬಣ್ಣದ ಕೋಣೆ. ಗೆಳತಿಯ ಜೊತೆ ನಾನೂ ಒಳಗೆ ಹೋದಾಗ ಕಪ್ಪು ಹಲಗೆಯ ಮೇಲೆ ಅಂದಿನ ತಾರೀಖು, ಮಕ್ಕಳ ಹಾಜರಾತಿ ಹಾಗೆಯೇ ಇದ್ದವು. ಅದರ ಕೆಳಗೆ, ಬೆಂಚುಗಳನ್ನು ಒತ್ತಿ ಮಾಡಿದ ಜಾಗದಲ್ಲಿ ಪಾಂಡವರೂ ಕೌರವರೂ ಪಂಚೆಯಲ್ಲಿ ಸಾಲಾಗಿ ಕುಳಿತು ತಮ್ಮ ಸರದಿ ಕಾಯುತ್ತಿದ್ದರು. ಬಣ್ಣ ಹಚ್ಚುವವರು ಒಬ್ಬರೇ, ಅವರಿಗೊಬ್ಬ ಸಹಾಯಕ. ಮೊದಲು ಮುಖಕ್ಕೆ ಕೊಬ್ಬರಿ ಎಣ್ಣೆ, ಅದರ ಮೇಲೆ ಬಣ್ಣ, ಬಳಿಕ ಪೌಡರು, ಆಮೇಲೆ ಹುಬ್ಬು, ಕಣ್ಣು, ಮೀಸೆ. ಸಫೇದು, ಇಂಗಳೀಕ, ಅರದಾಳಗಳನ್ನು ತಾವೇ ಅರೆದು ಕಲಸುತ್ತಿದ್ದ ಕಾಲವನ್ನು ಕಂಡವರು ಅವರು. ಈಗ ಡಬ್ಬಿಯ ಬಣ್ಣ ಬಂದು ಚರ್ಮಕ್ಕೆ ಉರಿ ಕಡಿಮೆಯಾಗಿದೆಯೆಂದರು. ನೋಡುತ್ತಾ ಕುಳಿತವರಿಗೆ ಯಾವ ಗಳಿಗೆಯಲ್ಲಿ ಎದುರಿಗಿದ್ದವನು ಹಾಲಿನ ಸೊಸೈಟಿಯ ಕಾರ್ಯದರ್ಶಿಯಾಗಿ ಉಳಿಯದೆ ಶಕುನಿಯಾದನೆಂದು ಹೇಳುವುದು ಕಷ್ಟ. ನನ್ನ ಲೆಕ್ಕದಲ್ಲಿ ಅದು ಹುಬ್ಬು ತಿದ್ದಿದಾಗ. ಒಂದು ಹುಬ್ಬನ್ನು ಮೇಲಕ್ಕೆಳೆದು ಇನ್ನೊಂದನ್ನು ಬಾಗಿಸಿದಾಗ ಆತ ಕನ್ನಡಿ ನೋಡಿದ, ನೋಡುತ್ತಿದ್ದಂತೆಯೇ ಅವನ ಕತ್ತು ತಾನಾಗಿ ಒಂದು ಕಡೆಗೆ ವಾಲಿತು.

ಮೂಲೆಯಲ್ಲಿ, ಸೀರೆಯ ಮರೆ ಕಟ್ಟಿಕೊಂಡು, ಹಾಸನದಿಂದ ಬಂದಿದ್ದ ಕಲಾವಿದೆಯೊಬ್ಬರು ತಾವೇ ಅಲಂಕಾರ ಮಾಡಿಕೊಳ್ಳುತ್ತಿದ್ದರು. ದ್ರೌಪದಿಯ ಪಾತ್ರ ಅವರದು. ಸೀರೆ, ಒಡವೆ, ಸವರಿ ಎಲ್ಲವನ್ನೂ ತಮ್ಮದೇ ಸೂಟ್‌ಕೇಸಿನಲ್ಲಿ ತಂದಿದ್ದರು. ಹಿಂದಿನ ರಾತ್ರಿ ಬೇರೊಂದು ಊರಿನಲ್ಲಿ ಇದೇ ಪಾತ್ರ ಮಾಡಿ, ಬಸ್ಸಿನಲ್ಲಿ ನಿದ್ದೆ ಮಾಡಿ ಬಂದವರು. "ಇವರಿಗೆಲ್ಲಾ ಇದೊಂದೇ ರಾತ್ರಿ ಅಲ್ವಾ ಅಕ್ಕ, ಕೈಕಾಲು ನಡುಗ್ತಿರ್ತದೆ. ಮಾತು ಮರೆತು ನಿಂತ್ರೆ ನಾನೇ ಅವರ ಮಾತನ್ನ ಪ್ರಶ್ನೆ ಮಾಡಿ ಎತ್ತಿಕೊಡ್ತೀನಿ, ನೋಡೋರಿಗೆ ಗೊತ್ತಾಗಲ್ಲ" ಎಂದರು. ಆ ರಾತ್ರಿ ಸಭೆಯ ಸೀನಿನಲ್ಲಿ ಧರ್ಮರಾಯ ಒಂದು ಕ್ಷಣ ತಡವರಿಸಿದಾಗ ದ್ರೌಪದಿ, "ಏಕೆ ಮೌನವಾಗಿರುವಿರಿ ಸ್ವಾಮಿ, ದಾಯಾದಿಗಳಿಗೆ ಏನು ಹೇಳಿಕಳಿಸುವಿರಿ?" ಎಂದು ಕೇಳಿದ್ದನ್ನು ಜನ ಚಪ್ಪಾಳೆ ತಟ್ಟಿ ಮೆಚ್ಚಿದರು. ಅದು ಎಲ್ಲಿಂದ ಬಂದ ಮಾತೆಂದು ನನಗೆ ಮಾತ್ರ ಗೊತ್ತಿತ್ತು.

ಒಂಬತ್ತರ ಹೊತ್ತಿಗೆ ಉದ್ಘಾಟನೆ, ಸನ್ಮಾನಗಳು ಆರಂಭವಾದವು. ನೋಡಹೋಗುವವರು ಈ ಸಮಯವನ್ನು ಹೊರಗಿನ ಅಂಗಡಿಗಳಲ್ಲಿ ಕಳೆಯಬಹುದು, ನಾಟಕ ನಿಜವಾಗಿ ಶುರುವಾಗುವುದು ಹತ್ತು ದಾಟಿದ ಮೇಲೆಯೇ. ಮೆಣಸಿನಕಾಯಿ ಬಜ್ಜಿ, ಕಡ್ಲೆಪುರಿ, ಬಿಸಿ ಟೀ ಬೆಳಗಿನವರೆಗೂ ಸಿಗುತ್ತವೆ. ಹಗಲಿನ ಬಿಸಿಲನ್ನು ನಂಬಿ ಹೊದಿಕೆ ತರದೆ ಬಂದರೆ ಮಧ್ಯರಾತ್ರಿಯ ನಂತರದ ಇಬ್ಬನಿ ಮೈ ನಡುಗಿಸುತ್ತದೆ. ನನಗೆ ಗೆಳತಿಯ ತಾಯಿ ತಮ್ಮ ಕಂಬಳಿ ಕೊಟ್ಟರು.

ಅಷ್ಟರಲ್ಲಿ ಬಣ್ಣದ ಕೋಣೆಯಿಂದ ಒಬ್ಬ ಹುಡುಗ ಓಡಿಬಂದು ಗೆಳತಿಯ ಕಿವಿಯಲ್ಲಿ ಏನೋ ಹೇಳಿದ. ದುರ್ಯೋಧನನ ಎಡ ಭುಜಕೀರ್ತಿಯ ಪಟ್ಟಿ ಬುಡದಲ್ಲಿಯೇ ಕಿತ್ತುಬಂದಿತ್ತು. ಹಿಂದಿನ ಸಂಜೆ ಓಣಿಯಲ್ಲಿ ನಾನು ನೋಡಿದ ಅದೇ ಭುಜಕೀರ್ತಿ. ಅಂಗಡಿಯ ಯಜಮಾನರು ಅರ್ಜುನನಿಗೆ ಬತ್ತಳಿಕೆ ಬಿಗಿಯುತ್ತಿದ್ದರು, ಅವರ ಬಳಿ ಪಿನ್ನು ಇತ್ತು, ಆದರೆ ಪಿನ್ನು ಆ ಭಾರವನ್ನು ತಡೆಯುವಂತಿರಲಿಲ್ಲ. ನನ್ನ ಚೀಲದಲ್ಲಿ ಸೂಜಿ ದಾರದ ಪೊಟ್ಟಣ ಯಾವಾಗಲೂ ಇರುತ್ತದೆ. ದಾರವನ್ನು ನಾಲ್ಕು ಎಳೆ ಮಾಡಿ, ಅದಕ್ಕೆ ಪೂಜೆಯ ಮೇಣದಬತ್ತಿಯನ್ನು ಸವರಿ, ಪಟ್ಟಿಯನ್ನು ಕ್ಯಾನ್ವಾಸಿನ ಗಟ್ಟಿ ಭಾಗದವರೆಗೆ ಒಳಕ್ಕೆ ಎಳೆದು, ಒಂದು ಹೆಜ್ಜೆ ಹಿಂದೆ ಬಂದು ಎರಡು ಹೆಜ್ಜೆ ಮುಂದೆ ಹೋಗುವ ಅಪ್ಪನ ಹೊಲಿಗೆಯನ್ನು ಹಾಕತೊಡಗಿದೆ. ರಟ್ಟಿಗೆ ಸೂಜಿ ಇಳಿಯದ ಕಡೆ ಒಂದು ರೂಪಾಯಿಯ ನಾಣ್ಯದಿಂದ ಒತ್ತಿದೆ. ಹೊರಗೆ ಹಾರ್ಮೋನಿಯಂ ಮೇಷ್ಟ್ರು ಗಣಪತಿಯ ಪ್ರಾರ್ಥನೆ ಎತ್ತಿಕೊಂಡದ್ದು ಕೇಳಿಸಿತು. ಅಣ್ಣ ನನ್ನೆದುರು ಕಡುಗೆಂಪು ಮಕಮಲ್ಲಿನಲ್ಲಿ, ಪೂರ್ತಿ ಬಣ್ಣದಲ್ಲಿ, ಮಂಡಿಯ ಮೇಲೆ ಕೈಯಿಟ್ಟು ಅಲುಗದೆ ಕುಳಿತಿದ್ದರು. ಮಧ್ಯಾಹ್ನ ನನ್ನನ್ನು ನಗುನಗುತ್ತಾ ಮಾತನಾಡಿಸಿದ್ದವರು ಆಗ ಒಂದು ಮಾತನ್ನೂ ಆಡಲಿಲ್ಲ. ಹೊಲಿಗೆ ಮುಗಿದು ಭುಜಕೀರ್ತಿಯನ್ನು ಕಟ್ಟಿದ ಮೇಲೆ ಅವರು ಎದ್ದು, ಕಿರೀಟವನ್ನು ಕಣ್ಣಿಗೊತ್ತಿಕೊಂಡು, ತಾಯಿಯ ಕಾಲಿಗೆ ನಮಸ್ಕರಿಸಿ, ತಲೆಗೆ ಸಿಂಬಿಯಂತೆ ಸುತ್ತಿದ ಬಟ್ಟೆಯ ಮೇಲೆ ಕಿರೀಟವನ್ನು ಇರಿಸಿಕೊಂಡರು. ಬಾಗಿಲು ದಾಟುವಾಗ ಕಿರೀಟ ತಾಗದಂತೆ ಮಂಡಿ ಬಗ್ಗಿಸಿದರೇ ಹೊರತು ತಲೆ ತಗ್ಗಿಸಲಿಲ್ಲ.

ನಾನು ಓಡಿಹೋಗಿ ಜನರ ಹಿಂಬದಿಯಲ್ಲಿ, ಬಜ್ಜಿ ಅಂಗಡಿಯ ಬಳಿ ನಿಂತುಕೊಂಡೆ. ಯಜಮಾನರ ಮಾತಿನ ನಂತರ ಮುಂದಿನ ಸಾಲು ನನಗೆ ಬೇಕಿರಲಿಲ್ಲ. ಪರದೆ ಮೇಲೇರಿತು. ಅರಮನೆಯ ಕಂಬಗಳ ಸಾಲು, ಸಿಂಹಾಸನ, ಅದರ ಮೇಲೆ ಕೆಂಪು ಬೆಳಕಿನಲ್ಲಿ ಅವರು. ಕ್ಲಾರಿಯೋನೆಟ್ಟಿನ ಸ್ವರ ಹಿಡಿದು ಮೊದಲ ಪದ್ಯದ ಮೊದಲ ಅಕ್ಷರವನ್ನು ಎಳೆದಾಗ ಇಡೀ ಬಯಲು ಸದ್ದಡಗಿತು. ಹಾಡುತ್ತಾ ಅವರು ಬಲಗೈಯನ್ನು ನಿಧಾನವಾಗಿ ಎತ್ತಿದಾಗ ಎರಡೂ ಹೆಗಲ ಮೇಲಿನ ಹರಳುಗಳು ಒಂದೇ ಬಾರಿಗೆ ಹೊತ್ತಿಕೊಂಡವು. ಅಷ್ಟು ದೂರಕ್ಕೆ ಮನುಷ್ಯನ ಮುಖ ಸಣ್ಣದಾಗುತ್ತದೆ. ರಾಜನನ್ನು ರಾಜನ ಅಳತೆಗೆ ಹಿಗ್ಗಿಸುವುದು ಭುಜಕೀರ್ತಿ, ಎತ್ತರಿಸುವುದು ಕಿರೀಟ. ಅವು ಒಡವೆಗಳೆಂದೇ ನಾನು ಅದುವರೆಗೆ ತಿಳಿದಿದ್ದೆ. "ಒನ್ಸ್ ಮೋರ್" ಎಂಬ ಕೂಗು ಬಂದಿತು, ಅವರು ಮತ್ತೊಮ್ಮೆ ಹಾಡಿದರು. ಯಾರೋ ರಂಗಕ್ಕೆ ಹತ್ತಿ ಮೆಚ್ಚುಗೆಯ ನೋಟನ್ನು ಎದೆಗೆ ಪಿನ್ನು ಹಾಕಿ ಇಳಿದರು.

ರಾತ್ರಿ ಹೀಗೆಯೇ ಸಾಗಿತು. ನೀಲಿ ಬಣ್ಣದ, ಹಳದಿ ಪೀತಾಂಬರದ ಕೃಷ್ಣ ಸಂಧಾನಕ್ಕೆ ಬಂದು ಹೋದ. ಅಭಿಮನ್ಯುವಿನ ಪಾತ್ರ ಕಾಲೇಜಿನ ಹುಡುಗನದು. ಅವನು ಚಕ್ರವ್ಯೂಹಕ್ಕೆ ಹೊರಟು ನಿಂತಾಗ ಹಗಲು ಹಳೇಬೀಡಿನಲ್ಲಿ ಮೇಲೇಳದೆ ಉಳಿದ ಕೈಗಳು ನನಗೆ ನೆನಪಾದವು. ಕರ್ಣನೂ ಕುಂತಿಯೂ ಎದುರಾದ ಸೀನಿನ ನಡುವೆ ಕರೆಂಟು ಹೋಯಿತು. ಜನರೇಟರು ಹೊತ್ತಿಕೊಳ್ಳುವವರೆಗಿನ ಆ ಕತ್ತಲೆಯಲ್ಲಿ ಯಾರೂ ಗಲಾಟೆ ಮಾಡಲಿಲ್ಲ, ಹತ್ತಾರು ಮೊಬೈಲುಗಳ ಬೆಳಕು ರಂಗದತ್ತ ತಿರುಗಿತು, ಕರ್ಣ ಮೈಕಿಲ್ಲದೆಯೇ ಹಾಡು ಮುಂದುವರಿಸಿದ. ಎಲ್ಲೆಲ್ಲಿಂದಲೋ ಬೀಳುವ ಆ ಸಣ್ಣ ಬೆಳಕುಗಳಿಗೆ ಅವನ ಎದೆಯ ಕವಚ ಅಲುಗಿದಾಗಲೆಲ್ಲ ಮಿಂಚುತ್ತಿತ್ತು. ಅಜ್ಜಿ ಹೇಳಿದ ಪಂಜಿನ ಕಾಲ ಕೆಲವು ನಿಮಿಷಗಳಿಗೆ ಮರಳಿ ಬಂದಂತಿತ್ತು.

ಮೂರನೆಯ ದಿನ: ವೈಶಂಪಾಯನ ಸರೋವರದ ಬೆಳಗು

ಗದಾಯುದ್ಧಕ್ಕೆ ಬರುವಷ್ಟರಲ್ಲಿ ಪೂರ್ವ ದಿಕ್ಕು ಬಿಳುಪೇರಿತ್ತು. ಮಕ್ಕಳು ಚಾಪೆಗಳ ಮೇಲೆ ಮಲಗಿದ್ದರು, ಆದರೆ ಹೆಚ್ಚಿನವರು ಎದ್ದು ಹೋಗಿರಲಿಲ್ಲ. ರಂಗದ ದೀಪಗಳು ಹಗಲಿನ ಮುಂದೆ ಸಪ್ಪಗಾಗಿದ್ದವು. ವೈಶಂಪಾಯನ ಸರೋವರದ ಪರದೆಯ ಮುಂದೆ ದುರ್ಯೋಧನ ಎದ್ದು ನಿಂತಾಗ ನಾನು ನಿಂತಲ್ಲಿಂದಲೇ ಎಲ್ಲವೂ ಕಾಣುತ್ತಿತ್ತು: ಬೆವರಿಗೆ ಇಳಿದ ಬಣ್ಣ, ಇಬ್ಬನಿಗೆ ಒದ್ದೆಯಾಗಿ ಮೈಗಂಟಿದ ಮಕಮಲ್ಲು, ಮಂಕಾದ ಜರಿ, ಒಂದು ಕಡೆ ಬಾಗಿದ ಕಿರೀಟ. ಹಗಲಿನಲ್ಲಿ ನೋಡಬಾರದೆಂದು ಅಂಗಡಿಯ ಯಜಮಾನರು ಹೇಳಿದ್ದ ಆ ವೇಷ ಹಗಲಿನಲ್ಲಿಯೇ ನಿಂತಿತ್ತು. ಆದರೆ ಅದು ತೊಂಬತ್ತೊಂಬತ್ತು ಜನ ತಮ್ಮಂದಿರನ್ನು ಕಳೆದುಕೊಂಡು, ಹದಿನೆಂಟು ದಿನ ಕಾದಾಡಿ, ನೀರಿನಿಂದ ಎದ್ದುಬಂದವನ ವೇಷವಾಗಿತ್ತು. ಹೊಸ ಮಕಮಲ್ಲು ತೊಡಿಸಿದ್ದರೆ ನಾನು ಅದನ್ನು ನಂಬುತ್ತಿರಲಿಲ್ಲ. ಭೀಮನ ಗದೆ ತೊಡೆಗೆ ಬಿದ್ದು ಅವರು ಕುಸಿದಾಗ, ಎಡ ಹೆಗಲು ನೆಲಕ್ಕೆ ತಾಗಿದರೂ ಭುಜಕೀರ್ತಿ ಕಳಚಲಿಲ್ಲ. ನನ್ನ ಪಕ್ಕದಲ್ಲಿ ಕಂಬಳಿ ಹೊದ್ದು ನಿಂತಿದ್ದ ಅಜ್ಜಿ ಕಣ್ಣೊರೆಸಿಕೊಂಡರು. ಮೊಮ್ಮಗನಿಗಾಗಿಯೋ ದುರ್ಯೋಧನನಿಗಾಗಿಯೋ ನಾನು ಕೇಳಲಿಲ್ಲ.

ಮಂಗಳಾರತಿಯಾಗಿ ಅರ್ಧ ಗಂಟೆಯೊಳಗೆ ಬಯಲು ಖಾಲಿಯಾಯಿತು. ಶಾಲೆಗೆ ಅಂದು ಭಾನುವಾರದ ರಜೆ. ಕೊಠಡಿಯ ಮುಂದಿನ ಬೇಲಿಯ ಮೇಲೆ ಮಕಮಲ್ಲಿನ ಅಂಗಿಗಳನ್ನು ಒಳಮೈ ಹೊರಗೆ ಮಾಡಿ ಒಣಹಾಕಿದ್ದರು. ಕೃಷ್ಣ, ಭೀಮ, ಶಕುನಿಯರು ಕೊಬ್ಬರಿ ಎಣ್ಣೆಯಿಂದ ಮುಖ ಒರೆಸಿಕೊಂಡು, ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿರುವಂತೆಯೇ ಹಾಲು ಹಾಕಲು ಹೊರಟಿದ್ದರು. ಅಣ್ಣ ಮೆಟ್ಟಿಲ ಮೇಲೆ ಕುಳಿತು, ಎರಡು ದಿನಗಳ ನಂತರದ ಮೊದಲ ಊಟವಾಗಿ ತಂಗಿ ತಂದ ಇಡ್ಲಿಯನ್ನು ತಿನ್ನುತ್ತಿದ್ದರು. ಧ್ವನಿ ಪೂರ್ತಿ ಕಟ್ಟಿಹೋಗಿತ್ತು, ನನ್ನನ್ನು ಕಂಡು ಎಡ ಹೆಗಲನ್ನು ಎರಡು ಬಾರಿ ತಟ್ಟಿ ತೋರಿಸಿದರು.

ಅಂಗಡಿಯ ಯಜಮಾನರು ಚೀಟಿ ಹಿಡಿದು ಎಣಿಸಿ ಟ್ರಂಕಿಗೆ ತುಂಬಿಸುತ್ತಿದ್ದರು. ಕಿರೀಟ ಹದಿನಾಲ್ಕು, ಗದೆ ಮೂರು, ಬಿಲ್ಲು ನಾಲ್ಕು. ಕರ್ಣಕುಂಡಲದಲ್ಲಿ ಒಂದು ಕಡಿಮೆ ಬಂದು ಎಲ್ಲರೂ ಬೆಂಚುಗಳ ಕೆಳಗೆ ಹುಡುಕಿದೆವು, ಅದು ಸಾತ್ಯಕಿಯ ಟೋಪನ್ನಿನ ಕೂದಲಿಗೆ ಸಿಕ್ಕಿಕೊಂಡಿತ್ತು. ಅಂದು ರಾತ್ರಿಯೇ ಅರಸೀಕೆರೆಯ ಆಚೆ ಇನ್ನೊಂದು ಊರಿನಲ್ಲಿ ಇದೇ ನಾಟಕವಿತ್ತು, ಟೆಂಪೋ ಬಂದು ನಿಂತಿತ್ತು. ಎಡ ಭುಜಕೀರ್ತಿಯ ಸರದಿ ಬಂದಾಗ ಅವರು ಅದನ್ನು ತಿರುಗಿಸಿ, ಬೆಳಕಿಗೆ ಹಿಡಿದು, ಪಟ್ಟಿಯನ್ನು ಎರಡೂ ಕೈಯಲ್ಲಿ ಬಲವಾಗಿ ಎಳೆದು ನೋಡಿದರು.

"ಬಿಚ್ಚಬೇಕಾ? ಸರಿಯಾಗಿ ಹೊಲಿಸ್ತೀರಾ?" ಎಂದು ನಾನು ಕೇಳಿದೆ.

"ಯಾಕ್ ಬಿಚ್ಚೋದು ಅಕ್ಕ, ಇನ್ನ ಹತ್ತು ಕುರುಕ್ಷೇತ್ರಕ್ಕೆ ಏನೂ ಆಗಲ್ಲ ಇದು" ಎಂದು ಅವರು ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಅದರ ಜೊತೆಯದರ ಪಕ್ಕಕ್ಕಿಟ್ಟು ಟ್ರಂಕಿನ ಮುಚ್ಚಳ ಹಾಕಿದರು. ಟೆಂಪೋ ಜಾವಗಲ್ ರಸ್ತೆಗೆ ಏರಿ ಅರಸೀಕೆರೆಯ ಕಡೆಗೆ ಹೋಯಿತು. ನಾವು ಹಳೇಬೀಡಿನ ಕಡೆಗೆ ತಿರುಗಿದೆವು.